ಮಿತಾಕ್ಷರೆಯ ಸ್ತ್ರೀಧನವಿಚಾರ

ವ್ಯಾಖ್ಯಾನವೆಂಬುದು ಮೂಲದ ನೆರಳಾಗಿ ನಡೆಯತಕ್ಕ ಬರವಣಿಗೆಯೆಂದು ಸಾಮಾನ್ಯರ ಭಾವನೆ. ಆದರೆ ಮೂಲಕ್ಕಿಂತಲೂ ವಿಸ್ತಾರವಾದ ಬಾಳನ್ನು ಬಾಳಿದ ವ್ಯಾಖ್ಯಾನಗಳೂ ಉಂಟು. ಯಾಜ್ಞವಲ್ಕ್ಯಸ್ಮೃತಿಗೆ ವಿಜ್ಞಾನೇಶ್ವರನು ಬರೆದ ಮಿತಾಕ್ಷರೆಯು ಅಂಥದು. ಕಲಬುರಗಿ ಜಿಲ್ಲೆಯ ಮರತೂರು ಅವನ ಊರೆಂದು ಈ ಸೀಮೆಯ ಜನ ಅಭಿಮಾನದಿಂದ ಹೇಳುವರು. ಗ್ರಂಥದ ಕೊನೆಯಲ್ಲಿ ಅವನು ಕಲ್ಯಾಣಪಟ್ಟಣವನ್ನೂ ಅದರ ಅರಸನನ್ನೂ ಕೊಂಡಾಡಿದ್ದಾನೆ. ಆ ಅರಸನು 1076ರಿಂದ 1126ರ ವರೆಗೆ ಆಳಿದ ಚಾಲುಕ್ಯ ಆರನೆಯ ವಿಕ್ರಮಾದಿತ್ಯ. ಕಲಬುರಗಿಯಿಂದ ಕಮಲಾಪುರದ ಮೇಲೆ ಹುಮನಾಬಾದಿಗೆ ಹೋಗಿ ಅಲ್ಲಿಂದ ಆ ಕಲ್ಯಾಣವನ್ನು ಇಂದಿಗೂ ಸೇರಬಹುದು. ಇಷ್ಟು ಸಮೀಪದ ಗ್ರಂಥಕಾರನಾದರೂ ಅವನ ಹೆಸರನ್ನು ಹೇಳುವವರು ಬಹಳ, ಗ್ರಂಥವನ್ನು ತೆರೆದು ನೋಡುವವರು ವಿರಳ. ಹೆಣ್ಣಿನ ಆಸ್ತಿಯನ್ನು ಕುರಿತ ಅವನ ಪ್ರಕರಣವನ್ನಾದರೂ ವಿದ್ಯಾವಂತ ಮನೆತನಗಳು ಗಮನವಿಟ್ಟು ನೋಡುವುದು ಅವಶ್ಯ.

ಯಾಜ್ಞವಲ್ಕ್ಯನು ಸ್ತ್ರೀಧನವನ್ನು ಎಣಿಸುವಾಗ ತಂದೆ, ತಾಯಿ, ಗಂಡ, ಸೋದರರು ಕೊಟ್ಟದ್ದು, ವಿವಾಹಾಗ್ನಿಯ ಮುಂದೆ ದೊರೆತದ್ದು, ಗಂಡನು ಮತ್ತೊಬ್ಬಳನ್ನು ಮದುವೆಯಾಗುವಾಗ ಕೊಟ್ಟದ್ದು ಎಂದು ಹೇಳಿ, ಕೊನೆಗೆ ‘ಆದ್ಯ’ ಎಂಬ ಮಾತನ್ನು ಸೇರಿಸುತ್ತಾನೆ. ‘ಮೊದಲಾದುವು’ ಎಂದು ಅದರ ಅರ್ಥ. ಬೇರೊಬ್ಬ ಟೀಕಾಕಾರನಾಗಿದ್ದರೆ ಈ ಪದವನ್ನು ದಾಟಿ ಮುಂದೆ ಹೋಗುತ್ತಿದ್ದನು. ವಿಜ್ಞಾನೇಶ್ವರನು ಅಲ್ಲಿಯೇ ನಿಲ್ಲುತ್ತಾನೆ. ದಾಯವಾಗಿ ಬಂದದ್ದು, ಕ್ರಯಕ್ಕೆ ಕೊಂಡದ್ದು, ಪಾಲಿನಲ್ಲಿ ಬಂದದ್ದು, ಒಡೆಯರಿಲ್ಲದುದನ್ನು ಕೈವಶಮಾಡಿಕೊಂಡದ್ದು, ನಿಧಿಯಾಗಿ ಸಿಕ್ಕಿದ್ದು ಈ ಐದೂ ಆ ಪದದೊಳಗೆ ಅಡಗಿವೆಯೆಂದು ಹೇಳುತ್ತಾನೆ. ಈ ಐದು ಅವನ ಕಲ್ಪನೆಯವಲ್ಲ. ಯಾವ ಮನುಷ್ಯನೇ ಆಗಲಿ ಒಂದು ವಸ್ತುವಿಗೆ ಒಡೆಯನಾಗುವ ದಾರಿಗಳೆಂದು ಗೌತಮನು ಹೇಳಿದವುಗಳೇ ಇವು. ಗಂಡಸಿಗೆ ಸ್ವಾಮ್ಯ ಬರುವ ಬಾಗಿಲುಗಳು ಯಾವುವೋ ಹೆಂಗಸಿಗೂ ಅವೇ ಎಂಬುದು ಈ ವ್ಯಾಖ್ಯೆಯ ಸಾರ. ಇಷ್ಟು ದೊಡ್ಡ ಮಾತನ್ನು ಆಡಂಬರವಿಲ್ಲದೆ, ಒಂದು ಪದದ ಅರ್ಥವಿವರಣೆಯ ವೇಷದಲ್ಲಿ ಆಡಿರುವುದೇ ಅವನ ಗದ್ಯದ ಗುಣ.

ಎದುರಾಳಿಯ ಆಕ್ಷೇಪವನ್ನೂ ಅವನು ಮರೆತಿಲ್ಲ. ‘ಸ್ತ್ರೀಧನ’ವೆಂಬುದು ಗೊತ್ತಾದ ಕೆಲವೇ ವಸ್ತುಗಳಿಗೆ ಸಲ್ಲುವ ಪಾರಿಭಾಷಿಕ ಪದವೆನ್ನುವವರಿಗೆ, ಶಬ್ದದ ಸಹಜಾರ್ಥವು ಹೊಂದುತ್ತಿರುವಾಗ ಪರಿಭಾಷೆಯನ್ನು ಕಲ್ಪಿಸಬಾರದೆಂದು ಉತ್ತರ ಕೊಡುತ್ತಾನೆ. ಮನುವು ಆರೇ ಬಗೆಯೆಂದು ಹೇಳಿದ್ದಾನಲ್ಲ ಎಂದರೆ, ಆರಕ್ಕೆ ಕಡಿಮೆಯಾಗಬಾರದೆಂದು ಅದರ ತಾತ್ಪರ್ಯವೇ ಹೊರತು ಹೆಚ್ಚಾಗಬಾರದೆಂದಲ್ಲ ಎನ್ನುತ್ತಾನೆ. ಗಂಡುಮಕ್ಕಳಿಲ್ಲದೆ ಸತ್ತವನ ವಿಧವೆಯು ನಿಯೋಗಕ್ಕೆ ಒಪ್ಪಿದರೆ ಮಾತ್ರ ಆಸ್ತಿಗೆ ಅರ್ಹಳೆಂಬ ಧಾರೇಶ್ವರನ ಮತವನ್ನು ಖಂಡಿಸಿ, ದಾಯಾದರಿಂದ ಬೇರೆಯಾಗಿದ್ದ ಗಂಡನ ಸರ್ವಸ್ವಕ್ಕೂ ಸಾಧ್ವಿಯಾದ ಪತ್ನಿಯೇ ಅಧಿಕಾರಿಣಿಯೆಂದು ಸ್ಥಾಪಿಸುತ್ತಾನೆ. ತಾಯಿತಂದೆಗಳ ಸರದಿಯಲ್ಲಿ ತಾಯಿಯನ್ನು ಮುಂದಿರಿಸುತ್ತಾನೆ.

ಆದರೂ ವಿಮರ್ಶಕನು ಅಭಿಮಾನಕ್ಕೆ ವಶನಾಗಬಾರದು. ವಿಜ್ಞಾನೇಶ್ವರನೇ ಬಲವಾಗಿ ಪ್ರತಿಪಾದಿಸಿದ ಜನ್ಮಸ್ವತ್ವವು ಹುಟ್ಟಿನಿಂದಲೇ ಪಿತ್ರಾರ್ಜಿತದಲ್ಲಿ ಹಕ್ಕನ್ನು ಕೊಟ್ಟದ್ದು ಗಂಡುಮಕ್ಕಳಿಗೆ. ಮದುವೆಯಾಗದ ಮಗಳಿಗೆ ದೊರೆತದ್ದು, ಅವಳು ಗಂಡಾಗಿದ್ದರೆ ಬರುತ್ತಿದ್ದ ಪಾಲಿನ ನಾಲ್ಕನೆಯ ಒಂದಂಶ. ಅವಿಭಕ್ತ ಕುಟುಂಬದ ವಿಧವೆಗೆ ಅನ್ನವಸ್ತ್ರದ ಹೊರತು ಬೇರೆ ಗತಿಯಿಲ್ಲ. ಇದಕ್ಕಿಂತ ದೊಡ್ಡ ನ್ಯೂನತೆಯೊಂದು ಅವನ ಮೌನದಲ್ಲಿದೆ. ಹೆಣ್ಣಿನ ಸೊತ್ತು ಯಾವುದೆಂದು ಇಷ್ಟು ಉದಾರವಾಗಿ ಹೇಳಿದವನು, ದಾಯವಾಗಿ ಬಂದುದನ್ನು ಅವಳು ಮಾರಬಹುದೇ, ದಾನಮಾಡಬಹುದೇ ಎಂಬುದನ್ನು ಬಿಡಿಸಿ ಹೇಳಲಿಲ್ಲ. ಮಿತವಾದ ಅಕ್ಷರಗಳೆಂಬ ಹೆಸರು ಇಲ್ಲಿ ದೋಷವಾಗಿ ಪರಿಣಮಿಸಿತು.

ಆ ಮೌನದ ಬೆಲೆಯನ್ನು ತೆತ್ತವರು ಮುಂದಿನ ಹೆಣ್ಣುಮಕ್ಕಳು. 18ನೆಯ ಶತಮಾನದಲ್ಲಿ ಲಕ್ಷ್ಮೀದೇವಿಯ ಹೆಸರಿನಲ್ಲಿ ಹುಟ್ಟಿದ ಬಾಲಂಭಟ್ಟೀ ಎಂಬ ಟೀಕೆಯು ಮಿತಾಕ್ಷರೆಯನ್ನು ಸ್ತ್ರೀಯರ ಪರವಾಗಿ ಇನ್ನೂ ಹಿಗ್ಗಿಸಿತು. ಆದರೆ 1810ರಲ್ಲಿ ಕೋಲ್‌ಬ್ರೂಕನು ಇಂಗ್ಲಿಷಿಗೆ ಇಳಿಸಿದ ದಾಯಭಾಗವನ್ನು ಓದಿದ ಬ್ರಿಟಿಷ್ ನ್ಯಾಯಾಧಿಪತಿಗಳು ಅರ್ಥವನ್ನು ಕುಗ್ಗಿಸಿದರು. ಗಂಡನಿಂದ ವಿಧವೆಗೆ ಬಂದ ಆಸ್ತಿಯು ಸ್ತ್ರೀಧನವಲ್ಲವೆಂದು 1867ರಲ್ಲಿ ಪ್ರೀವಿ ಕೌನ್ಸಿಲು ತೀರ್ಮಾನಿಸಿತು. ಅವಳಿಗೆ ಉಳಿದದ್ದು ಬದುಕಿರುವ ತನಕ ಅನುಭವಿಸುವ ಹಕ್ಕು. ಅನಂತರ ಅದು ಗಂಡನ ವಾರಸುದಾರರಿಗೆ. ಮುಂಬಯಿ ಪ್ರಾಂತದಲ್ಲಿ ಮಾತ್ರ ಮಗಳು, ಸೋದರಿ ಮೊದಲಾದವರಿಗೆ ಪೂರ್ಣಸ್ವಾಮ್ಯ ಉಳಿಯಿತು. ‘ಆದ್ಯ’ವೆಂಬ ಒಂದು ಪದವನ್ನು ಹಿಗ್ಗಿಸಿ ಓದಿದರೆ ಹೊಲ, ಕುಗ್ಗಿಸಿ ಓದಿದರೆ ಬರಿಯ ಅಶನ!

ಇದು ಹಿಂದೂದೇಶದ ವಿಲಕ್ಷಣವೆಂದು ತಿಳಿಯಬಾರದು. ಯಾಜ್ಞವಲ್ಕ್ಯಸ್ಮೃತಿಯನ್ನು 1849ರಲ್ಲಿ ಜರ್ಮನ್ ಭಾಷಾಂತರದೊಡನೆ ಪ್ರಕಟಿಸಿದವನು ಸ್ಟೆನ್ಸ್ಲರನೆಂಬ ಜರ್ಮನ್ ಪಂಡಿತ. ಅವನ ನಾಡಿನಲ್ಲಿಯೇ 1900ರಲ್ಲಿ ಜಾರಿಗೆ ಬಂದ ನಾಗರಿಕ ಸಂಹಿತೆಯು, ಹೆಂಡತಿ ತಂದ ಸೊತ್ತಿನ ಆಡಳಿತವನ್ನೂ ಉತ್ಪನ್ನವನ್ನೂ ಗಂಡನ ಕೈಗೊಪ್ಪಿಸಿತು. ಅವಳ ಸ್ವಂತ ದುಡಿಮೆಯ ಗಳಿಕೆಯನ್ನು ಮಾತ್ರ ಅವಳಿಗೆ ಬಿಟ್ಟಿತು. 1918ರಲ್ಲಿ ಅಲ್ಲಿನ ಸ್ತ್ರೀಯರಿಗೆ ಮತದಾನದ ಹಕ್ಕು ಬಂದಿತು. ಮನೆಯೊಳಗಿನ ಕಾನೂನು ಕದಲಲಿಲ್ಲ. ಸ್ತ್ರೀಪುರುಷರು ಸಮಾನಾಧಿಕಾರಿಗಳೆಂಬ ಒಂದೇ ವಾಕ್ಯವನ್ನು 1949ರ ಮೂಲಶಾಸನದಲ್ಲಿ ಸೇರಿಸಲು ಎಲಿಜಬೆತ್ ಸೆಲ್ಬರ್ಟ್ ಎಂಬ ನ್ಯಾಯವಾದಿನಿಯು ಹೋರಾಡಬೇಕಾಯಿತು. ಆ ವಾಕ್ಯಕ್ಕೆ ಅನುಗುಣವಾದ ಕುಟುಂಬ ಕಾನೂನು ಪಶ್ಚಿಮ ಜರ್ಮನಿಯಲ್ಲಿ ಆಚರಣೆಗೆ ಬಂದದ್ದು 1958ರಲ್ಲಿ. ಗೃಹಕೃತ್ಯಕ್ಕೆ ಕೊರತೆಯಾಗದಿದ್ದರೆ ಮಾತ್ರ ಹೆಂಡತಿ ಹೊರಗೆ ದುಡಿಯಬಹುದೆಂಬ ನಿರ್ಬಂಧ ತೊಲಗಿದ್ದು 1977ರಲ್ಲಿ. ಬರೆದ ಮಾತು ತಾನಾಗಿಯೇ ನಡೆಯದು. ಅದನ್ನು ನಡೆಸುವವರು ಬೇಕು.

ಕನ್ನಡನಾಡಿನಲ್ಲಿಯೂ ಹೀಗೆಯೇ ಆಯಿತು. ಸ್ತ್ರೀಯರ ಹಕ್ಕುಗಳನ್ನು ಹೆಚ್ಚಿಸಿದ 1933ರ ಮೈಸೂರು ಕಾನೂನು, ನಿಜಾಮರ ಆಳಿಕೆಯಲ್ಲಿದ್ದ ಕಲಬುರಗಿಯನ್ನು ಮುಟ್ಟಲಿಲ್ಲ. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮವು ಹೆಣ್ಣಿನ ಸೀಮಿತ ಹಕ್ಕನ್ನು ಪೂರ್ಣಸ್ವಾಮ್ಯವಾಗಿಸಿತು. ಅದರ 14ನೆಯ ಕಲಮಿನಲ್ಲಿ ದಾಯ, ಪಾಲು, ಕ್ರಯ, ಸ್ವಂತ ದುಡಿಮೆ ಎಂದು ಬರುವ ಪಟ್ಟಿಯನ್ನು ನೋಡಿದವರಿಗೆ ವಿಜ್ಞಾನೇಶ್ವರನ ಧ್ವನಿಯೇ ಕೇಳಿಸಿದಂತಾಗುವುದು. 1994ರಲ್ಲಿ ಕರ್ನಾಟಕವು, 2005ರಲ್ಲಿ ಕೇಂದ್ರವು ಮಗಳಿಗೂ ಜನ್ಮಸ್ವತ್ವವನ್ನು ಕೊಟ್ಟವು. ತಂದೆಯು 2005ಕ್ಕೆ ಮೊದಲೇ ತೀರಿಕೊಂಡಿದ್ದರೂ ಆ ಹಕ್ಕು ಸಲ್ಲುವುದೆಂದು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ತೀರ್ಪಿತ್ತಿತು. 2008ರಿಂದ ಉಚ್ಚ ನ್ಯಾಯಾಲಯದ ಪೀಠವೂ ಕಲಬುರಗಿಯಲ್ಲಿಯೇ ಕುಳಿತಿದೆ.

ಇನ್ನು ಉಳಿದಿರುವುದು ಮನೆಯ ಪೀಠ. ಕಮಲಾಪುರದ ಒಂದು ಕೆಂಪುಬಾಳೆಯ ತೋಟವನ್ನು ವಾಚಕರು ಎಣಿಸಿಕೊಳ್ಳಬಹುದು. ತಂದೆ ಕಾಲವಾದ ಮೇಲೆ ಪಹಣಿಯಲ್ಲಿ ಮಗಳ ಹೆಸರನ್ನು ಬರೆಯಿಸುವುದೇ, ಹಕ್ಕುಬಿಡುಗಡೆ ಪತ್ರಕ್ಕೆ ಅವಳ ರುಜು ಪಡೆಯುವುದೇ? ‘ಪಾಲು ಕೇಳಿದರೆ ತವರು ಕಡಿದೀತು, ಪಂಚಮಿಗೆ ಕರೆಯಲು ಯಾರು ಬರುವರು?’ ಎಂಬ ಅಂಜಿಕೆಯೇ ಅನೇಕ ರುಜುಗಳನ್ನು ಹಾಕಿಸುವುದು. ಅರಿಷಿಣಕುಂಕುಮಕ್ಕೆಂದು ತುಂಡುಹೊಲವನ್ನು ಕೊಟ್ಟು ಕೃತಾರ್ಥರಾಗುವವರು, ಕೊಡುಗೆಗೂ ಪಾಲಿಗೂ ಇರುವ ಅಂತರವನ್ನು ವಿಚಾರಿಸಬೇಕು. ಕೊಡುಗೆ ಕೊಡುವವನ ಔದಾರ್ಯ. ಪಾಲು ಪಡೆಯುವವಳ ಸ್ವತ್ವ. ವಿಜ್ಞಾನೇಶ್ವರನು ಮೂಲದ ಕೊಡುಗೆಗಳ ಪಟ್ಟಿಗೆ ದಾಯವನ್ನೂ ಪಾಲನ್ನೂ ಸೇರಿಸಿದ್ದು ಈ ಅಂತರವನ್ನು ಬಲ್ಲುದರಿಂದಲೇ. ಅವನ ಹೆಸರಿನಲ್ಲಿ ಹೆಮ್ಮೆಪಡುವ ನಾಡು ಅವನ ಆ ಒಂದು ಪದದ ಅರ್ಥವನ್ನಾದರೂ ಕುಗ್ಗಿಸದೆ ಓದಲಿ.