ಬಯಲುಸೀಮೆಯ ಸೀತಾಳೆ: ರಸಿಕರಿಗೊಂದು ಕೈಪಿಡಿ

ಸೀತಾಳೆ ಹೂವೆಂದರೆ ಮಲೆನಾಡಿನ ಮಳೆಗೆ ತೊಯ್ದ ಮರಗಳೇ ನೆನಪಿಗೆ ಬರುತ್ತವೆ. ಬಯಲಿನ ಬಿಸಿಲನ್ನು ಉಂಡು ಬದುಕುವ ಸೀತಾಳೆಯೂ ಒಂದಿದೆ: ವಾಂಡಾ ಟೆಸೆಲೇಟಾ. ಶ್ರೀಲಂಕಾ ದ್ವೀಪದಿಂದ ಮ್ಯಾನ್ಮಾರ್‌ವರೆಗೂ ಇದರ ನೆಲೆ. ದೊಡ್ಡಬಳ್ಳಾಪುರ, ನೆಲಮಂಗಲದ ಕಡೆ ಇದನ್ನು ಹಳೆಯ ಹುಣಸೆ, ಮಾವಿನ ಮರಗಳಲ್ಲಿ ಹುಡುಕಬೇಕು.

ಕಣ್ಣು ಪಳಗಿಸಲು ದೇವನಹಳ್ಳಿ ತಾಲ್ಲೂಕಿನ ನಲ್ಲೂರು ಹುಣಸೆ ತೋಪು ಒಳ್ಳೆಯ ಜಾಗ. 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿತವಾದದ್ದು ಅದು. ಅಲ್ಲಿನ ಮುದಿ ಮರಗಳ ಬಿರುಕು ತೊಗಟೆಯನ್ನು ನಿಧಾನವಾಗಿ ನೋಡಿ. ಇಂಥ ಒರಟು ತೊಗಟೆಯಲ್ಲೇ ಸೀತಾಳೆಯ ಧೂಳಿನಂಥ ಬೀಜ ನಿಲ್ಲುವುದು. ಬೀಜದೊಳಗೆ ಆಹಾರದ ದಾಸ್ತಾನಿಲ್ಲ. ಜೊತೆಗೆ ಸರಿಯಾದ ಶಿಲೀಂಧ್ರ ಸಿಕ್ಕರೆ ಮಾತ್ರ ಅದು ಮೊಳೆಯುತ್ತದೆ.

ವಾಂಡಾವನ್ನು ಬದನಿಕೆಯೆಂದು ತಿಳಿದು ಕಿತ್ತೆಸೆಯುವವರಿದ್ದಾರೆ. ಬದನಿಕೆ ಮರದೊಳಕ್ಕೆ ಬೇರಿಳಿಸಿ ನೀರು ಹೀರುತ್ತದೆ. ವಾಂಡಾ ಮರದ ಮೇಲೆ ಕೂತಿರುತ್ತದೆ, ಅಷ್ಟೆ; ಮರದಿಂದ ಏನನ್ನೂ ಕಸಿಯುವುದಿಲ್ಲ.

ಹೂ ಇಲ್ಲದ ಕಾಲದಲ್ಲೇ ನೋಡಲು ಶುರುಮಾಡಿ ಎನ್ನುತ್ತೇನೆ. ಈ ಗಿಡದ ನಿಜವಾದ ಸೊಗಸು ಬೇರಿನಲ್ಲಿದೆ. ಒಣಗಿದಾಗ ಬೂದುಬಿಳಿ, ಮಳೆ ಬಿದ್ದ ಕೆಲವೇ ನಿಮಿಷಗಳಲ್ಲಿ ಹಸಿರು. ಸತ್ತ ಕೋಶಗಳ ಹೊದಿಕೆಯೊಂದು ನೀರನ್ನು ಸ್ಪಂಜಿನಂತೆ ಹೀರಿ, ಒಳಗಿನ ಹಸಿರನ್ನು ಹೊರಗೆ ತೋರುತ್ತದೆ. ಎಲೆಯೂ ಜಾಣ: ಪಟ್ಟಿಯಂತೆ ಉದ್ದ, ದಪ್ಪ, ನಡುವೆ ಮಡಿಚಿದ್ದು. ಹಗಲಿನ ಕಾವಿಗೆ ರಂಧ್ರ ಮುಚ್ಚಿ, ರಾತ್ರಿಯ ತಂಪಿನಲ್ಲಿ ತೆರೆದು ಇಂಗಾಲದ ಡೈಆಕ್ಸೈಡ್ ಸೆಳೆದಿಟ್ಟುಕೊಳ್ಳುತ್ತದೆ.

ಹೂವಿಗೆ ಯುಗಾದಿ ಕಳೆದ ಮೇಲೆ ಮತ್ತೆ ಹೋಗಿ. ದೂರಕ್ಕೆ ಮಂಕು ಕಂದು ಬಣ್ಣ, ಒಣ ಎಲೆಯೆಂದು ದಾಟಿಹೋಗುವುದು ಸುಲಭ. ಹತ್ತಿರ ಹೋದರೆ ಹಳದಿ ಹಸಿರು ಎಸಳಿನ ಮೇಲೆ ಕಂದು ಗೆರೆಗಳ ಚೌಕುಳಿ, ನಡುವೆ ನೇರಳೆ ತುಟಿ. ಎಸಳ ಬೆನ್ನು ಬಿಳಿ; ಅದನ್ನು ನೋಡಲು ಮರೆಯಬೇಡಿ. ಗಿಡದಿಂದ ಗಿಡಕ್ಕೆ ಬಣ್ಣ ಬೇರೆ, ಆದ್ದರಿಂದ ಒಂದನ್ನೇ ನೋಡಿ ತೃಪ್ತರಾಗಬಾರದು. ಕೊಂಬೆ ಕೈಗೆಟುಕಿದರೆ ಮೂಸಿಯೂ ನೋಡಿ, ಘಮ ಸಿಹಿಯಾದದ್ದು.

ಮರದಿಂದ ಕೀಳಬೇಡಿ. ರಸ್ತೆ ಅಗಲಿಸಲು ಕಡಿದ ಸಾಲುಮರದ ಮೇಲೆ ಕಂಡರೆ ಮಾತ್ರ, ಅಲ್ಲಿನವರ ಒಪ್ಪಿಗೆ ಪಡೆದು, ಬೇರು ಹರಿಯದಂತೆ ತೊಗಟೆಯ ಸಮೇತ ಬಿಡಿಸಿ. ಕುಂಡದ ಮಣ್ಣಿಗೆ ಹಾಕಿದರೆ ಬೇರು ಕೊಳೆಯುತ್ತದೆ. ಗಾಳಿಯಾಡುವ ಮಾವಿನ ಕೊಂಬೆಗೆ ತೆಂಗಿನ ನಾರಿನ ಹಗ್ಗದಿಂದ ಬಿಗಿಯಾಗಿ ಕಟ್ಟಿ; ಹೊಸ ಬೇರು ತೊಗಟೆ ಹಿಡಿಯುವವರೆಗೆ ನೀರು ಚಿಮುಕಿಸುತ್ತಿರಿ.