ಸಹಿ ವಾರ್ಡನ್‌ರದು, ತೋಳು ಹುಡುಗಿಯದು

2009ರಲ್ಲಿ ಅವಿಭಜಿತ ಆಂಧ್ರದ ಖಮ್ಮಂ ಜಿಲ್ಲೆಯಲ್ಲಿ 10ರಿಂದ 14 ವರ್ಷದ ಸಾವಿರಾರು ಹೆಣ್ಣುಮಕ್ಕಳಿಗೆ ಎಚ್‌ಪಿವಿ ಲಸಿಕೆ ಕೊಡಲಾಯಿತು. ಗರ್ಭಕಂಠದ ಕ್ಯಾನ್ಸರ್ ತಡೆಯುವ ಈ ಲಸಿಕೆಯ ಅಧ್ಯಯನ ಗುಜರಾತಿನ ವಡೋದರದಲ್ಲೂ ನಡೆಯಿತು. ಹಿಂದೆ ಇದ್ದದ್ದು ಪಾತ್ ಎಂಬ ಅಮೆರಿಕನ್ ಸಂಸ್ಥೆ ಮತ್ತು ನಮ್ಮದೇ ಐಸಿಎಂಆರ್. ಕೆಲವು ಹುಡುಗಿಯರು ತೀರಿಕೊಂಡ ಸುದ್ದಿ ಬಂದ ಮೇಲೆ, 2010ರ ಏಪ್ರಿಲ್‌ನಲ್ಲಿ ಅದನ್ನು ನಿಲ್ಲಿಸಲಾಯಿತು. ಸಾವುಗಳಿಗೆ ಲಸಿಕೆಯೇ ಕಾರಣವೆಂದು ತನಿಖೆಯಲ್ಲಿ ಸಾಬೀತಾಗಲಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ನಮ್ಮ ತಕರಾರು ಲಸಿಕೆಯ ಮೇಲಲ್ಲ.

2013ರಲ್ಲಿ ಸಂಸದೀಯ ಸ್ಥಾಯಿ ಸಮಿತಿಯ 72ನೇ ವರದಿ ಬಂತು. ಅದರಲ್ಲಿರುವ ಲೆಕ್ಕ ನೋಡಿ: ಆಂಧ್ರದ 9,543 ಒಪ್ಪಿಗೆ ಪತ್ರಗಳಲ್ಲಿ 2,763ಕ್ಕೆ ಹಾಸ್ಟೆಲ್ ವಾರ್ಡನ್‌ಗಳೇ ಸಹಿ ಹಾಕಿದ್ದರು. 1,948ರಲ್ಲಿ ಹೆಬ್ಬೆಟ್ಟಿನ ಗುರುತಿತ್ತು. ಓದಲು ಬಾರದ ತಂದೆಗೆ ಆ ಕಾಗದವನ್ನು ಓದಿ ಹೇಳಿದವರು ಯಾರು?

ವರದಿ ಅಧಿಕಾರಿಗಳನ್ನೂ ಸಂಸ್ಥೆಯನ್ನೂ ನಿಷ್ಠುರವಾಗಿ ಪ್ರಶ್ನಿಸಿತು. ಅದು ಮೆಚ್ಚತಕ್ಕ ಮಾತೇ. ಆದರೆ ಅದರ ಒತ್ತೆಲ್ಲ ಹುಡುಗಿಯ ಪರವಾಗಿ ಯಾರು ಸಹಿ ಹಾಕಬೇಕಿತ್ತು ಎಂಬುದರ ಮೇಲೆ. ಹುಡುಗಿ ಏನೆಂದಳು ಎಂಬುದು ಹಿಂದೆ ಸರಿಯಿತು. ಐಸಿಎಂಆರ್‌ನ 2006ರ ಮಾರ್ಗಸೂಚಿಯಾದರೋ, ಪಾಲಕರ ಒಪ್ಪಿಗೆಯ ಜೊತೆಗೆ ತಿಳಿವಳಿಕೆ ಬಂದ ಮಗುವಿನ ಸಮ್ಮತಿಯನ್ನೂ ಕೇಳಬೇಕೆನ್ನುತ್ತದೆ.

ಇಂಗ್ಲೆಂಡಿನಲ್ಲಿ 1985ರ ಗಿಲಿಕ್ ತೀರ್ಪಿನ ಬಳಿಕ, ವಿಷಯ ಅರ್ಥಮಾಡಿಕೊಳ್ಳಬಲ್ಲ 16ರೊಳಗಿನ ಮಗು ತಾನೇ ಒಪ್ಪಿಗೆ ಕೊಡಬಹುದು. ಶಾಲೆಗಳ ಲಸಿಕೆಗೂ ಅದೇ ನಿಯಮ. ನಮ್ಮಲ್ಲಿ 18 ತುಂಬುವವರೆಗೆ ಪಾಲಕರದೇ ಮಾತು. ದಡಾರ-ರುಬೆಲ್ಲಾ ಲಸಿಕೆಗೆ ಪಾಲಕರ ಒಪ್ಪಿಗೆ ಬೇಕೇ ಬೇಕೆಂದು ದೆಹಲಿ ಹೈಕೋರ್ಟ್ 2019ರಲ್ಲಿ ಹೇಳಿತು. ಇಂಗ್ಲೆಂಡಿನ ನಿಯಮವನ್ನು ಇಲ್ಲಿ ಹಾಗೆಯೇ ತಂದರೆ ಖಮ್ಮಂನಂಥ ಹಾಸ್ಟೆಲಿನಲ್ಲಿ ವಾರ್ಡನ್ ತೋರಿಸಿದ ಜಾಗದಲ್ಲಿ ಹುಡುಗಿ ಹೆಸರು ಬರೆದುಬಿಡುತ್ತಾಳೆ, ಅಷ್ಟೆ. ಆದ್ದರಿಂದ ನಮಗೆ ಎರಡೂ ಬೇಕು: ಪಾಲಕರ ಒಪ್ಪಿಗೆ, ಮಗುವಿನ ಸಮ್ಮತಿ.

ಸಮುದಾಯದ ಮಾತನ್ನೂ ಆಡಬೇಕು. 2017ರಲ್ಲಿ ದಡಾರ-ರುಬೆಲ್ಲಾ ಅಭಿಯಾನ ಕರ್ನಾಟಕಕ್ಕೆ ಬಂದಾಗ, ಬಂಜೆತನ ಬರುತ್ತದೆಂಬ ವಾಟ್ಸ್‌ಆ್ಯಪ್ ಸಂದೇಶವನ್ನು ನಂಬಿ ಮಕ್ಕಳನ್ನು ಹಿಂದೆಳೆದವರು ನಮ್ಮಲ್ಲೂ ಇದ್ದರು. ಆಗಲೂ ಮಗುವನ್ನು ಯಾರೂ ಕೇಳಲಿಲ್ಲ. ನಿಕಾಹ್‌ಗೆ ಹೆಣ್ಣಿನ ಒಪ್ಪಿಗೆ ಕೇಳಬೇಕೆಂದು ವೇದಿಕೆಯಲ್ಲಿ ಹೆಮ್ಮೆಯಿಂದ ಹೇಳುವವರು ನಾವು. ಅವಳ ತೋಳಿನ ವಿಷಯದಲ್ಲಿ ಆ ಹೆಮ್ಮೆ ಎಲ್ಲಿ ಹೋಯಿತು?

ಯತೀಂಖಾನೆಗಳೂ ವಸತಿ ಶಾಲೆಗಳೂ ನಮ್ಮಲ್ಲಿವೆ. ನಾಳೆ ಅಲ್ಲಿಗೆ ಲಸಿಕೆಯವರು ಬಂದಾಗ, ವ್ಯವಸ್ಥಾಪಕರು ಪೆನ್ನು ತೆರೆಯುವ ಮುನ್ನ ಮಕ್ಕಳನ್ನು ಕೂರಿಸಿ, ಇದು ಯಾವ ರೋಗಕ್ಕೆ, ನೋವೆಷ್ಟು, ಜ್ವರ ಬಂದರೆ ಯಾರಿಗೆ ಹೇಳಬೇಕು ಎಂದು ವಿವರಿಸಲು ಅರ್ಧ ಗಂಟೆ ಸಾಕು.