ಕೊಳ್ಳುವ ಕಣ್ಣು, ಕಚ್ಚುವ ಹಲ್ಲು

ಸಾಕುನಾಯಿ ಮತ್ತು ಸಾಕುಬೆಕ್ಕುಗಳ ಆಟಿಕೆಯನ್ನು ಕೊಳ್ಳುವವರು ಒಬ್ಬರು, ಬಳಸುವವರು ಇನ್ನೊಬ್ಬರು ಎಂಬ ಸರಳ ಸಂಗತಿಯೇ ಆ ವಸ್ತುವಿನ ಬಹುತೇಕ ದೋಷಗಳಿಗೆ ಮೂಲವಾಗಿದೆ. ಮಗುವಾದರೆ ತನಗೆ ಬೇಕಾದ ಗೊಂಬೆಗಾಗಿ ಅಂಗಡಿಯಲ್ಲೇ ಹಟ ಹಿಡಿದು ಕೂರಬಲ್ಲದು. ನಾಯಿಗೂ ಬೆಕ್ಕಿಗೂ ಆ ಅವಕಾಶವಿಲ್ಲದಿರುವುದರಿಂದ ಬರ್ಗರಿನ ಆಕಾರದ ಗೊಂಬೆ, ಪಿಜ್ಜಾ ತುಂಡಿನಂಥ ದಿಂಬು, ಮೀಸೆ ಬರೆದ ಚೆಂಡು ಇವೆಲ್ಲ ಮನುಷ್ಯರನ್ನು ನಗಿಸಲೆಂದೇ ರೂಪುಗೊಂಡು ಪ್ರಾಣಿಯ ಬಾಯಿ ಸೇರುತ್ತವೆ. ಬಣ್ಣವನ್ನೇ ನೋಡಿದರೂ ಸಾಕು. ನಾಯಿಯ ಅಕ್ಷಿಪಟದಲ್ಲಿ ಬಣ್ಣವನ್ನು ಗ್ರಹಿಸುವ ಶಂಕುಕೋಶಗಳು ಮನುಷ್ಯರಲ್ಲಿರುವಂತೆ ಮೂರು ಬಗೆಯವಲ್ಲ, ಎರಡೇ ಬಗೆಯವು ಎಂಬುದನ್ನು ಜೇ ನೈಟ್ಜ್ ಮತ್ತು ಸಂಗಡಿಗರು 1989ರಲ್ಲಿ ತೋರಿಸಿಕೊಟ್ಟರು. ಅದರಂತೆ ನಾಯಿಗೆ ನೀಲಿ ಮತ್ತು ಹಳದಿ ಬೇರೆಬೇರೆಯಾಗಿ ಕಾಣುತ್ತವೆ, ಕೆಂಪು ಮತ್ತು ಹಸಿರಿನ ಭೇದ ಮಾತ್ರ ಮಸುಕಾಗುತ್ತದೆ. ಹುಲ್ಲಿನ ಮೇಲೆ ಬಿದ್ದ ಕೆಂಪು ಚೆಂಡು ಎಸೆದವರಿಗೆ ಎದ್ದು ಕಾಣುತ್ತದೆ, ನಾಯಿಯಾದರೋ ಅದನ್ನು ಮೂಗಿನಿಂದ ಹುಡುಕಬೇಕಾಗುತ್ತದೆ. ಆದರೂ ಅಂಗಡಿಗಳಲ್ಲಿ ಕೆಂಪು ಚೆಂಡುಗಳಿಗೆ ಬರವಿಲ್ಲ.

ಬಣ್ಣ ಸಣ್ಣ ಮಾತಾಯಿತು. ಆಟಿಕೆಯನ್ನು ಒರೆಗೆ ಹಚ್ಚುವುದಾದರೆ ಆಟವೆಂದರೇನು ಎಂಬಲ್ಲಿಂದಲೇ ಹೊರಡಬೇಕು. ನಿರ್ಜೀವ ವಸ್ತುವೊಂದನ್ನು ಬೆನ್ನಟ್ಟಿ, ಹಿಡಿದು, ಕಚ್ಚಿ, ಕೊಡವಿ ಆಡುವ ಆಟವನ್ನು ಪ್ರಾಣಿವರ್ತನೆಯ ಅಧ್ಯಯನದಲ್ಲಿ ‘ವಸ್ತು ಆಟ’ ಎನ್ನುತ್ತಾರೆ, ಮತ್ತು ಅದರ ಬೇರುಗಳು ಬೇಟೆಯಲ್ಲಿವೆ. ಅಮೆರಿಕದ ಜೀವಶಾಸ್ತ್ರಜ್ಞ ರೇಮಂಡ್ ಕಾಪಿಂಜರ್ ನಾಯಿಯ ಬೇಟೆಯನ್ನು ದಿಟ್ಟಿಸುವುದು, ಹೊಂಚುವುದು, ಅಟ್ಟುವುದು, ಹಿಡಿಯುವುದು, ಕೊಲ್ಲುವುದು, ಸೀಳುವುದು ಎಂಬ ಕೊಂಡಿಗಳ ಸರಪಳಿಯಾಗಿ ವಿವರಿಸಿ, ತಳಿಗಳನ್ನು ರೂಪಿಸುವಾಗ ಮನುಷ್ಯರು ಕೆಲವು ಕೊಂಡಿಗಳನ್ನು ಬಲಪಡಿಸಿ ಇನ್ನು ಕೆಲವನ್ನು ಸಡಿಲಿಸಿದ್ದಾರೆ ಎಂದರು. ಬಾರ್ಡರ್ ಕಾಲಿ ದಿಟ್ಟಿಸಿ ಹೊಂಚುತ್ತದೆ, ಲ್ಯಾಬ್ರಡಾರ್ ಹಿಡಿದದ್ದನ್ನು ಘಾಸಿ ಮಾಡದೆ ಹೊತ್ತು ತರುತ್ತದೆ, ಟೆರಿಯರ್ ಸಿಕ್ಕಿದ್ದನ್ನು ಕೊಡವಿ ಹಾಕುತ್ತದೆ. ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿ ಕಣ್ಣಿಗೆ ಬಿದ್ದ ಬೇಟೆಯನ್ನು ಓಟದಲ್ಲೇ ಸೋಲಿಸಿ ಹಿಡಿಯಲೆಂದು ಬೆಳೆದುಬಂದದ್ದು. ಅಂಥ ನಾಯಿಯ ಮುಂದೆ ರಬ್ಬರ್ ಮೂಳೆಯೊಂದನ್ನು ಇಟ್ಟು ಇದಕ್ಕೆ ಆಟವೇ ಗೊತ್ತಿಲ್ಲವೆಂದು ದೂರುವುದರಲ್ಲಿ ಅರ್ಥವಿಲ್ಲ. ಉದ್ದನೆಯ ಕೋಲಿನ ತುದಿಗೆ ಹಗ್ಗ ಬಿಗಿದು, ಹಗ್ಗದ ತುದಿಗೆ ಬಟ್ಟೆಯ ಚೂರು ಕಟ್ಟಿ, ಬಯಲಿನಲ್ಲಿ ನೆಲ ಸವರುವಂತೆ ಸುತ್ತಿಸಿದರೆ ಅದರ ಆಟ ಯಾವುದೆಂದು ತಿಳಿಯುತ್ತದೆ. ಆಟಿಕೆಯ ಪೊಟ್ಟಣಗಳು ನಾಯಿಗಳನ್ನು ಸಣ್ಣದು, ಮಧ್ಯಮ, ದೊಡ್ಡದು ಎಂದಷ್ಟೇ ವಿಂಗಡಿಸುತ್ತವೆ. ಗಂಟಲಿಗೆ ಸಿಕ್ಕಿಕೊಳ್ಳದಿರಲು ಗಾತ್ರ ಮುಖ್ಯವೇ ಆದರೂ ಆ ನಾಯಿಯ ಬೇಟೆಯ ಯಾವ ಕೊಂಡಿಗೆ ಆ ವಸ್ತು ಒದಗುತ್ತದೆ ಎಂಬುದು ಗಾತ್ರದಿಂದ ತಿಳಿಯುವುದಿಲ್ಲ.

ಬೆಕ್ಕಿನ ವಿಷಯದಲ್ಲಿ ಸಾರಾ ಹಾಲ್ ಮತ್ತು ಜಾನ್ ಬ್ರ್ಯಾಡ್‌ಶಾ ಇಂಗ್ಲೆಂಡಿನಲ್ಲಿ ನಡೆಸಿದ ಎರಡು ಅಧ್ಯಯನಗಳು ಕೊಳ್ಳುವವರ ಎಣಿಕೆಯನ್ನೇ ತಲೆಕೆಳಗು ಮಾಡುವಂಥವು. ಹಸಿದ ಬೆಕ್ಕು ಹೊಟ್ಟೆ ತುಂಬಿದ ಬೆಕ್ಕಿಗಿಂತ ಹೆಚ್ಚು ತೀವ್ರವಾಗಿ ಆಡುತ್ತದೆ, ತುಸು ದೊಡ್ಡ ಆಟಿಕೆಯ ಮೇಲೂ ಎರಗುತ್ತದೆ ಎಂಬುದನ್ನು 1998ರ ಅಧ್ಯಯನ ಕಂಡುಕೊಂಡಿತು. 2002ರ ಅಧ್ಯಯನದಲ್ಲಿ ಒಂದೇ ಆಟಿಕೆಯನ್ನು ಮತ್ತೆ ಮತ್ತೆ ಮುಂದಿಟ್ಟಾಗ ಬೆಕ್ಕಿನ ಆಸಕ್ತಿ ಬೇಗನೆ ಕುಗ್ಗಿತು. ಸ್ವಲ್ಪ ಹೊತ್ತಿನಲ್ಲೇ ಬೇರೊಂದನ್ನು ಇಟ್ಟಾಗ ಆಟ ಮೊದಲಿಗಿಂತಲೂ ಜೋರಾಯಿತು. ಅಂದರೆ ಬೆಕ್ಕಿಗೆ ಆಟ ಸಾಕಾಗಿರಲಿಲ್ಲ, ಆ ವಸ್ತುವಷ್ಟೇ ಸಾಕಾಗಿತ್ತು. ಒಂದೇ ಪ್ರಚೋದನೆಗೆ ಪ್ರತಿಕ್ರಿಯೆ ಕ್ರಮೇಣ ಇಳಿಯುವ ಈ ‘ಒಗ್ಗುವಿಕೆ’ಗೆ ಬೇಟೆಯ ತರ್ಕವೇ ಸಮಾಧಾನ ಒದಗಿಸುತ್ತದೆ: ನಿಜವಾದ ಇಲಿ ಕಚ್ಚಿದಾಗ ರೋಮ ಕಳೆದುಕೊಳ್ಳುತ್ತದೆ, ವಾಸನೆ ಬಿಡುತ್ತದೆ, ಕೊನೆಗೆ ಆಹಾರವಾಗುತ್ತದೆ; ಎಷ್ಟು ಕಚ್ಚಿದರೂ ಹಾಗೆಯೇ ಉಳಿಯುವ ವಸ್ತು ಬೇಟೆಯಾಗಲು ಯೋಗ್ಯವಲ್ಲವೆಂದು ಬೆಕ್ಕು ಕೈಬಿಡುತ್ತದೆ. ‘ಎಂದೂ ಮುರಿಯದು’ ಎಂಬ ಹೊಗಳಿಕೆಯನ್ನು ಹೊತ್ತು ಬರುವ ಆಟಿಕೆ ಪ್ರಾಣಿಯ ಲೆಕ್ಕದಲ್ಲಿ ಎಂದೂ ಸೋಲದ ಬೇಟೆ. ಗೂಡಿನಲ್ಲಿರಿಸಿದ ನಾಯಿಗಳ ಮೇಲೆ ಬ್ರ್ಯಾಡ್‌ಶಾ ಮತ್ತು ಸಹೋದ್ಯೋಗಿಗಳು ಮುಂದೆ ನಡೆಸಿದ ಅಧ್ಯಯನಗಳಲ್ಲಿಯೂ ಮೆತ್ತನೆಯ, ಸದ್ದು ಮಾಡುವ, ಹಲ್ಲಿಗೆ ಬಗ್ಗುವ ವಸ್ತುಗಳೇ ಮೇಲುಗೈ ಪಡೆದವು. ಹತ್ತು ಆಟಿಕೆಗಳನ್ನು ಬುಟ್ಟಿಯಲ್ಲಿ ಸದಾ ತೆರೆದಿಡುವ ಬದಲು ಎಂಟನ್ನು ಕಪಾಟಿನಲ್ಲಿ ಮುಚ್ಚಿಟ್ಟು ಸರದಿಯಂತೆ ತೆಗೆಯುವುದು, ಬೆಕ್ಕನ್ನು ಊಟಕ್ಕೆ ಮೊದಲು ಆಡಿಸುವುದು, ಇವೆರಡಕ್ಕೂ ಖರ್ಚಿಲ್ಲ. ಖರ್ಚಿಲ್ಲದ್ದಕ್ಕೆ ಜಾಹೀರಾತೂ ಇರುವುದಿಲ್ಲ.

ಆಟಿಕೆಯ ಆಯ್ಕೆಯಲ್ಲಿರುವ ನಿಜವಾದ ತೊಡಕು ಇಲ್ಲಿಯೇ ಇದೆ. ಹಲ್ಲಿಗೆ ಸೋಲದ ವಸ್ತು ಬೇಸರ ತರಿಸುತ್ತದೆ, ಸೋಲುವ ವಸ್ತು ಹೊಟ್ಟೆ ಸೇರುತ್ತದೆ. ಇದರ ಘೋರ ರೂಪ ದಾರ. ಬೆಕ್ಕಿನ ನಾಲಿಗೆಯ ಮೇಲಿನ ಸಣ್ಣ ಮುಳ್ಳುಗಳು ಗಂಟಲಿನತ್ತ ಬಾಗಿರುವುದರಿಂದ ಬಾಯಿಗೆ ಬಂದ ಎಳೆಯನ್ನು ಉಗಿಯುವುದು ಅದಕ್ಕೆ ಕಷ್ಟ. ಎಳೆಯ ಒಂದು ತುದಿ ನಾಲಿಗೆಯ ಬುಡಕ್ಕೆ ಸುತ್ತಿಕೊಂಡು ಇನ್ನೊಂದು ತುದಿ ಕರುಳಿಗೆ ಇಳಿದಾಗ, ಅದನ್ನು ಮುಂದೆ ನೂಕಲು ಹೆಣಗುವ ಕರುಳು ಲಾಡಿ ಎಳೆದ ಚೀಲದ ಬಾಯಿಯಂತೆ ನೆರಿಗೆಗಟ್ಟಿ ಮುದುಡುತ್ತದೆ, ಬಿಗಿದ ಎಳೆ ಅದರ ಗೋಡೆಯನ್ನು ಕೊಯ್ಯಲೂಬಹುದು. ಕೋಲಿಗೆ ಕಟ್ಟಿದ ಗರಿಯ ಆಟಿಕೆ ಬೆಕ್ಕಿನ ಆಟಿಕೆಗಳಲ್ಲೆಲ್ಲ ಶ್ರೇಷ್ಠವೆನ್ನಬಹುದಾದರೂ ಆಟ ಮುಗಿದ ಕೂಡಲೇ ಅದು ಬೀರುವಿನೊಳಗೆ ಹೋಗಬೇಕಾದದ್ದು ಈ ಕಾರಣಕ್ಕೆ. ಹೂ ಕಟ್ಟಿ ಮಿಕ್ಕ ದಾರವನ್ನೂ ಹೊಲಿಗೆಯ ಉಂಡೆಯನ್ನೂ ಬೆಕ್ಕಿನ ಮುಂದೆ ಎಸೆಯುವ ಮನೆವಾಡಿಕೆ ಚಿತ್ರಪಟಗಳಲ್ಲಿ ಎಷ್ಟೇ ಮುದ್ದಾಗಿದ್ದರೂ ಬಿಡತಕ್ಕದ್ದೇ. ನಾಯಿಯಲ್ಲಿ ಇದೇ ಅಪಾಯ ಸಿಂಬೆಯಾಗಿ ಹೆಣೆದ ಹತ್ತಿಹಗ್ಗದಿಂದ ಬರುತ್ತದೆ. ಅತಿ ಗಟ್ಟಿಯಾದ ಕೊಂಬು, ಗೊರಸು, ನೈಲಾನ್ ಮೂಳೆಗಳಿಂದ ಬರುವ ಅಪಾಯ ಬೇರೆ ಬಗೆಯದು, ಏಕೆಂದರೆ ಅವು ಮೇಲ್ದವಡೆಯಲ್ಲಿ ಮಾಂಸ ಕತ್ತರಿಸುವ ದೊಡ್ಡ ಹಲ್ಲನ್ನೇ ಚಕ್ಕೆಯೆಬ್ಬಿಸಿ ಮುರಿಯುತ್ತವೆ. ಹೆಬ್ಬೆರಳ ಉಗುರು ಒತ್ತಿದಾಗ ಕಿಂಚಿತ್ತೂ ಬಗ್ಗದ್ದನ್ನು ನಾಯಿಗೆ ಅಗಿಯಲು ಕೊಡಬಾರದೆಂಬುದು ದಂತಚಿಕಿತ್ಸೆ ಮಾಡುವ ಪಶುವೈದ್ಯರು ಹೇಳುವ ಸುಲಭ ಪರೀಕ್ಷೆ.

‘ಸಹಜ ವಸ್ತು’ ಎಂಬ ಮಾತೂ ಇಲ್ಲಿ ಅಭಯವಲ್ಲ. ಚನ್ನಪಟ್ಟಣದ ಗೊಂಬೆಗೆ ಬಳಸುವ ಆಲೆಮರವೂ ಅರಗಿನ ಬಣ್ಣವೂ ಮಗುವಿನ ಕೈಗೆ ಹಿತವಾಗಿವೆ, ಆದರೆ ಆ ಮೃದುಮರ ನಾಯಿಯ ದವಡೆಗೆ ಸಿಕ್ಕರೆ ಸಿಬಿರಾಗುತ್ತದೆ. ತೋಟದ ನಾಯಿಗಳು ಮೆಚ್ಚುವ ತೆಂಗಿನ ಮಟ್ಟೆ ಹರಿಯುವ ಆಸೆಯನ್ನು ಚೆನ್ನಾಗಿಯೇ ತಣಿಸುತ್ತದೆ. ನಾರನ್ನು ಉಗಿಯುವ ನಾಯಿಗೆ ಅದು ಸರಿ, ನುಂಗುವ ನಾಯಿಗೆ ಕರುಳಿನ ತಡೆ. ಬೆಕ್ಕಿನ ಆಟಿಕೆಗಳಲ್ಲಿ ತುಂಬುವ ಕ್ಯಾಟ್‌ನಿಪ್ ಸೊಪ್ಪಿಗೆ ಸುಮಾರು ಮೂರನೆಯ ಎರಡು ಪಾಲು ಬೆಕ್ಕುಗಳು ಮಾತ್ರ ಮನಸೋಲುತ್ತವೆ, ಉಳಿದವಕ್ಕೆ ಹುಟ್ಟಿನಿಂದಲೇ ಆ ಒಲವಿಲ್ಲ. ಕರ್ನಾಟಕದ ಹಿತ್ತಿಲುಗಳಲ್ಲಿ ತಾನಾಗಿ ಬೆಳೆಯುವ ಕುಪ್ಪಿಗಿಡದ ಬೇರೂ ಬೆಕ್ಕನ್ನು ಹೀಗೆಯೇ ಸೆಳೆಯುತ್ತದೆ. ಆದರೆ ಆ ಗಿಡದಲ್ಲಿ ಸಯನೈಡ್ ಬಿಡಬಲ್ಲ ಅಕ್ಯಾಲಿಫಿನ್ ಎಂಬ ರಾಸಾಯನಿಕವೂ ಇರುವುದರಿಂದ ಅದನ್ನು ತುಂಬಿ ಅಗಿಯಲು ಕೊಡುವುದು ಜಾಣತನವಲ್ಲ.

ಇದನ್ನೆಲ್ಲ ಅಂಗಡಿಯಲ್ಲಿ ನಿಂತು ತಿಳಿಯುವುದು ಹೇಗೆ? 2021ರ ಜನವರಿ 1ರಿಂದ ಜಾರಿಯಲ್ಲಿರುವ ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶ ಭಾರತದಲ್ಲಿ ಮಾರುವ ಆಟಿಕೆಗಳಿಗೆ ಐಎಸ್‌ಐ ಗುರುತನ್ನು ಕಡ್ಡಾಯ ಮಾಡಿದೆ, ಆದರೆ ಅದರ ವ್ಯಾಪ್ತಿ 14 ವರ್ಷದೊಳಗಿನ ಮಕ್ಕಳು ಆಡುವ ವಸ್ತುಗಳಿಗೆ ಸೀಮಿತ. ಸಣ್ಣ ಬಿಡಿಭಾಗ ಕಿತ್ತುಬರುತ್ತದೆಯೇ, ಬಣ್ಣದಲ್ಲಿ ಸೀಸವಿದೆಯೇ ಎಂದು ಮಗುವಿನ ಗೊಂಬೆಯನ್ನು ಪರೀಕ್ಷಿಸುವ ಈ ಆದೇಶ, ದಿನವಿಡೀ ಬಾಯಲ್ಲೇ ಇರುವ ನಾಯಿಯ ಗೊಂಬೆಯನ್ನು ಮುಟ್ಟುವುದಿಲ್ಲ.

ಮುರಿಯದೆಯೂ ಸೋಲುವ ಆಟಿಕೆ ಸಾಧ್ಯವೇ ಎಂಬ ಪ್ರಶ್ನೆಗೆ ಬಂದ ಉತ್ತರಗಳಲ್ಲಿ ‘ಕಾಂಗ್’ ಗಟ್ಟಿಯಾದದ್ದು. ಅಮೆರಿಕದ ಕೊಲರಾಡೊದಲ್ಲಿ ಜೋ ಮಾರ್ಕಮ್ ಎಂಬುವರು ಕಲ್ಲು ಕಡಿಯುತ್ತಿದ್ದ ತಮ್ಮ ಜರ್ಮನ್ ಶೆಫರ್ಡ್ ನಾಯಿಯು ಫೋಕ್ಸ್‌ವ್ಯಾಗನ್ ವ್ಯಾನಿನ ರಬ್ಬರ್ ಬಿಡಿಭಾಗವೊಂದಕ್ಕೆ ಮಾರುಹೋದದ್ದನ್ನು ಕಂಡು 1976ರಲ್ಲಿ ಈ ಟೊಳ್ಳು ರಬ್ಬರ್ ಆಟಿಕೆಯನ್ನು ಹೊರತಂದರು. ಅದರ ಹೊರಮೈ ಉಳಿಯುತ್ತದೆ, ಒಳಗಿನ ತಿನಿಸು ನೆಕ್ಕಿದಷ್ಟೂ ಕರಗುತ್ತದೆ. ಗೆಲುವು ನಾಯಿಗೆ, ಅಪಾಯ ಕಡಿಮೆ. ಮೊಸರನ್ನವನ್ನೋ ಬೇಯಿಸಿದ ಕುಂಬಳವನ್ನೋ ತುಂಬಿ ಫ್ರೀಜರಿನಲ್ಲಿ ಗಟ್ಟಿಮಾಡಿ ಕೊಡಬಹುದು, ಈರುಳ್ಳಿ ಮತ್ತು ದ್ರಾಕ್ಷಿ ಮಾತ್ರ ನಾಯಿಗೆ ವಿಷವಾದ್ದರಿಂದ ಸೇರಕೂಡದು. ಖಾಲಿ ಕಾಂಗ್ ಹೆಚ್ಚುಕಡಿಮೆ ಮತ್ತೆ ಆ ವ್ಯಾನಿನ ಬಿಡಿಭಾಗವೇ. ಇದೇ ತತ್ತ್ವವನ್ನು ಬೆಕ್ಕಿಗೆ ಹಾಗೆಯೇ ಅನ್ವಯಿಸಲಾಗದೆಂಬುದಕ್ಕೆ ಎಕ್ಸೆಟರ್ ವಿಶ್ವವಿದ್ಯಾಲಯದವರು 2021ರಲ್ಲಿ ಪ್ರಕಟಿಸಿದ ಅಧ್ಯಯನ ಸಾಕ್ಷಿ: ಒಗಟು ಬಿಡಿಸಿ ಆಹಾರ ಪಡೆಯುವ ಡಬ್ಬಿಗಳನ್ನು ಕೊಟ್ಟ ಬೆಕ್ಕುಗಳು ಮನೆಗೆ ತರುವ ಬೇಟೆ ಶೇ 33ರಷ್ಟು ಹೆಚ್ಚಿತು, ಮನೆಯವರು ದಿನಕ್ಕೆ 5ರಿಂದ 10 ನಿಮಿಷ ಆಡಿಸಿದ ಬೆಕ್ಕುಗಳಲ್ಲಿ ಅದು ಶೇ 25ರಷ್ಟು ಇಳಿಯಿತು.

ಈ ಹಿನ್ನೆಲೆಯಲ್ಲಿ ಲೇಸರ್ ಚುಕ್ಕೆಯನ್ನು ಆಟಿಕೆಯೆನ್ನುವುದೇ ಅನುಮಾನ. ಅಟ್ಟುವ ಕೊಂಡಿಯನ್ನು ಅದು ಕೆರಳಿಸುತ್ತದೆ, ಹಿಡಿಯುವ ಕೊಂಡಿಗೆ ಏನನ್ನೂ ಕೊಡುವುದಿಲ್ಲ. ಲೇಸರ್ ಆಟ ಹೆಚ್ಚಿದ್ದ ಬೆಕ್ಕುಗಳಲ್ಲಿ ನೆರಳು ಬೆಳಕುಗಳನ್ನು ಗೀಳಿನಂತೆ ಅಟ್ಟುವ ವರ್ತನೆ ಹೆಚ್ಚಾಗಿ ವರದಿಯಾದದ್ದು 2021ರ ಇನ್ನೊಂದು ಸಮೀಕ್ಷೆಯಲ್ಲಿ ಕಂಡುಬಂತು, ಅದರಿಂದ ಕಾರಣ ಸಾಬೀತಾಗದಿದ್ದರೂ ಎಚ್ಚರಕ್ಕೆ ಅಷ್ಟು ಸಾಕು. ಬಳಸಲೇಬೇಕೆಂದರೆ ಚುಕ್ಕೆಯನ್ನು ಕೊನೆಗೊಮ್ಮೆ ಬಟ್ಟೆಯ ಇಲಿಯ ಮೇಲೋ ತಿನಿಸಿನ ಚೂರಿನ ಮೇಲೋ ನಿಲ್ಲಿಸಿ ಬೆಕ್ಕಿಗೆ ಹಿಡಿಯಲು ಕೊಡಬೇಕು.

ನಾಯಿಯೊಡನೆ ಹಗ್ಗ ಎಳೆಯುವ ಆಟದ ವಿಷಯದಲ್ಲಿ ಹಳೆಯ ತರಬೇತುದಾರರ ಕಟ್ಟಪ್ಪಣೆ ಇದಕ್ಕೆ ನೇರ ವಿರುದ್ಧವಾಗಿತ್ತು: ಮನುಷ್ಯರು ಎಂದೂ ಸೋಲಬಾರದು, ಸೋತರೆ ನಾಯಿ ಯಜಮಾನಿಕೆಗೆ ಏರುತ್ತದೆ. ನಿಕೋಲಾ ರೂನಿ ಮತ್ತು ಬ್ರ್ಯಾಡ್‌ಶಾ ಗೋಲ್ಡನ್ ರಿಟ್ರೀವರ್ ನಾಯಿಗಳೊಂದಿಗೆ ನಡೆಸಿ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ನಾಯಿ ಗೆದ್ದರೂ ಸೋತರೂ ಅಂಥ ಯಜಮಾನಿಕೆಯೇನೂ ಹೆಚ್ಚಲಿಲ್ಲ. ಎಳೆಯುವ ಹಗ್ಗದ ಇನ್ನೊಂದು ತುದಿಯಲ್ಲಿ ಕೈಯೊಂದು ಇರುವವರೆಗೆ ನಾಯಿಗೆ ಅದನ್ನು ನುಂಗಲು ಬಿಡುವಿಲ್ಲ. ಆ ಕೈ ಆಗಾಗ ಹಿಡಿತ ಸಡಿಲಿಸಿದರೆ ಬೇಟೆ ಸಿಕ್ಕ ಸಮಾಧಾನವೂ ನಾಯಿಗೆ ಇರುತ್ತದೆ.